ಬ್ಯಾರಲ್‌ಗೆ ಎಷ್ಟು?

ಮೂಡಿಗೆರೆ, 14 ಸೆಪ್ಟೆಂಬರ್ 2025, ಭಾನುವಾರ

ಕಾಫಿ ತೋಟಗಳಲ್ಲಿ ಇದು ಬೋರರ್ ಟ್ರೇಸಿಂಗ್ ತಿಂಗಳು, ಅಂದರೆ ಕಾಂಡಕೊರಕ ಹುಳು ಹೊಕ್ಕ ಗಿಡಗಳನ್ನು ಹುಡುಕಿ ತೆಗೆಯುವ ಕಾಲ. ಬೆಳೆಗಾರರ ವಾಟ್ಸಾಪ್ ಗ್ರೂಪುಗಳಲ್ಲಿ ಈಗ ಒಂದೇ ಪ್ರಶ್ನೆ ಬಗೆಬಗೆಯಾಗಿ ಬರುತ್ತದೆ: ‘ಗಿಡ ಹಳದಿ ಆಗ್ತಿದೆ, ಏನ್ ಹೊಡೀಬೇಕು?’ ಜೊತೆಗೊಂದು ಮಸುಕು ಫೋಟೊ. ಅದರ ಕೆಳಗೆ ನಾಲ್ಕಾರು ಹೆಬ್ಬೆರಳು, ‘ನಮ್ಮಲ್ಲೂ ಹಂಗೇ ಅಣ್ಣ’, ಯಾವುದೋ ಔಷಧಿ ಅಂಗಡಿಯ ಫೋನ್ ನಂಬರು, ಆಮೇಲೆ ಶುಭೋದಯದ ಗುಲಾಬಿ ಹೂವು. ಪ್ರಶ್ನೆ ಅಲ್ಲಿಗೆ ಮಣ್ಣುಪಾಲು. ಕೇಳಿದವರು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ.

ಗ್ರೂಪ್ ಕಟ್ಟೋದು ಅಂದರೆ ಮೆಂಬರ್ ಸೇರಿಸೋದು ಅಂತ ಬಹಳ ಅಡ್ಮಿನ್‌ಗಳ ಲೆಕ್ಕಾಚಾರ. ವಾಟ್ಸಾಪ್ ಒಂದು ಗ್ರೂಪಿಗೆ 1024 ಜನರನ್ನು ಬಿಟ್ಟುಕೊಳ್ಳುತ್ತದೆ, ತುಂಬಿಸಿದರೆ ತುಂಬುತ್ತದೆ. ಆದರೆ ಇನ್ನೊಬ್ಬರ ಪ್ರಶ್ನೆಯ ಮುಂದೆ ಐದು ನಿಮಿಷ ಕೂತು ಉತ್ತರ ಬರೆಯುವ ಹತ್ತು ಜನ ಇಲ್ಲದಿದ್ದರೆ ಅದು ಸಂತೆಯೇ. ಅಂಥ ಉತ್ತರ ಹೇಗಿರಬೇಕು ಅನ್ನುವುದಕ್ಕೆ ಇದೇ ಹಳದಿ ಗಿಡವನ್ನು ತೆಗೆದುಕೊಳ್ಳಬಹುದು.

ಹಳದಿ ಅಂದ ಕೂಡಲೇ ಔಷಧಿ ಹೆಸರು ಬರೆಯಬಾರದು. ಮೊದಲು ತಿರುಗಿ ಕೇಳಬೇಕು. ಅರೇಬಿಕಾನಾ ರೊಬಸ್ಟಾನಾ? ಬಿಳಿ ಕಾಂಡಕೊರಕ ಅರೇಬಿಕಾದ ಕಾಟ, ರೊಬಸ್ಟಾ ಅಂದರೆ ಯೋಚನೆ ಬೇರೆ ದಿಕ್ಕಿಗೆ ಹೋಗಬೇಕು. ಅಲ್ಲೊಂದು ಇಲ್ಲೊಂದು ಗಿಡವೋ, ಸಾಲುಸಾಲೋ? ಇಳಿಜಾರು ಪೂರ್ತಿ ಹಳೆ ಎಲೆಗಳು ಒಂದೇ ಸಮ ಬಿಳಿಚಿಕೊಂಡಿದ್ದರೆ ಮಳೆಗೆ ಸಾರಜನಕ ತೊಳೆದುಹೋಗಿರುವ ಸಾಧ್ಯತೆ ಹೆಚ್ಚು. ತಗ್ಗಿನಲ್ಲಿ ಮಾತ್ರ ಅಂದರೆ ಬಸಿಗಾಲುವೆ ಕಟ್ಟಿಕೊಂಡು ಬುಡದಲ್ಲಿ ನೀರು ನಿಂತಿದೆಯಾ ಅಂತ ನೋಡಿಸಬೇಕು. ಸುತ್ತಲಿನ ಗಿಡ ಹಸಿರಾಗಿದ್ದು ಮಧ್ಯೆ ಒಂದೇ ಗಿಡ ಸೊರಗಿದ್ದರೆ, ಅದೂ ಬಿಸಿಲು ಬೀಳುವ ಜಾಗದಲ್ಲಾದರೆ, ಬೋರರ್ ಅನುಮಾನ ಪಡಬೇಕಾದ್ದೇ.

ಆಗ ಬರೆಯಬೇಕಾದ್ದು ಇಷ್ಟು: ‘ಗೌಡ್ರೇ, ತೆಂಗಿನ ನಾರಲ್ಲಿ ಕಾಂಡದ ಪಾಚಿ ಒರೆಸಿ, ಬುಡದಿಂದ ಮೊಳಕೈ ಎತ್ತರದವರೆಗೆ ಹತ್ತಿರದಿಂದ ಇನ್ನೊಂದು ಫೋಟೊ ತೆಗೀರಿ. ಕಳಿಸೋವಾಗ ಮೇಲೆ ಎಚ್‌ಡಿ ಅಂತ ಇರುತ್ತೆ, ಅದನ್ನ ಒತ್ತಿ.’ ತೊಗಟೆಯ ಮೇಲೆ ಕಾಂಡವನ್ನು ಬಳಸಿಕೊಂಡು ಹೋದ ಉಬ್ಬುಗೆರೆ ಕಂಡರೆ ಒಳಗೆ ಮರಿಹುಳು ಸುರಂಗ ಕೊರೆದಿದೆ ಎಂದರ್ಥ. ಗಿಡ ಕಿತ್ತು ಸುಡಬೇಕು. ಸೌದೆಗಾಗುತ್ತದೆ ಅಂತ ಮನೆ ಹಿಂದೆ ಒಟ್ಟಿದರೆ ಹುಳು ಆ ಕಟ್ಟಿಗೆಯೊಳಗೇ ಬೆಳೆದು ಜೀರುಂಡೆಯಾಗಿ ಹೊರಬರುತ್ತದೆ. ಹಾರಾಟ ಏಪ್ರಿಲ್–ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಟ್ರೇಸಿಂಗ್ ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮುಗಿದಿರಬೇಕು. ಈ ಜೀರುಂಡೆ ಬೇಲಿ ನೋಡಿ ಹಾರುವುದಿಲ್ಲವಾದ್ದರಿಂದ ಪಕ್ಕದ ತೋಟದವರ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ನಮ್ಮ ಸ್ವಾರ್ಥವೂ ಇದೆ.

ಗ್ರೂಪುಗಳಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಅಳತೆಯಲ್ಲಿ. ‘ಇನ್ನೂರು ಗ್ರಾಂ ಹಾಕಿ’ ಅಂತ ಒಬ್ಬರು ಬರೆಯುತ್ತಾರೆ. ಯಾವುದಕ್ಕೆ? ಬರೆದವರ ತಲೆಯಲ್ಲಿ 200 ಲೀಟರಿನ ಬ್ಯಾರಲ್, ಓದಿದವರ ಬೆನ್ನ ಮೇಲೆ 16 ಲೀಟರಿನ ಕ್ಯಾನು. ಅಲ್ಲಿಗೆ ಹನ್ನೆರಡು ಪಟ್ಟಿಗೂ ಹೆಚ್ಚು. ‘ಬೋರ್ಡೋ ಹೊಡೀರಿ’ ಅನ್ನುವ ಎರಡು ಪದದ ಉತ್ತರವೂ ಇದೇ ಜಾತಿಯದು. ಬೋರ್ಡೋ ಅಂದರೆ ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಬೆರೆಸಿದ ಶಿಲೀಂಧ್ರನಾಶಕ. ಮುಂಗಾರು ಮುಗಿದ ಮೇಲೆ ಎಲೆತುಕ್ಕಿಗೆ ಹೊಡೆಯುವ ಶೇ. 0.5ರ ದ್ರಾವಣವಾದರೆ ಉತ್ತರ ಹೀಗಿರಲಿ: ಒಂದು ಬ್ಯಾರಲ್‌ಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೇ ಪ್ಲಾಸ್ಟಿಕ್ ಡ್ರಮ್ಮಿನ ನೀರಿಗೆ ಇಳಿಬಿಡಿ, ಕಬ್ಬಿಣದ ಡ್ರಮ್ ಬೇಡ. ಬೆಳಿಗ್ಗೆ ಅದನ್ನು 100 ಲೀಟರ್ ಮಾಡಿ. ಇನ್ನೊಂದು 100 ಲೀಟರಿನಲ್ಲಿ ಸುಣ್ಣ ಕದಡಿ ಸೋಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕಿ. ಹೊಳೆಯುವ ಕತ್ತಿಯನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಹೆಚ್ಚು ಉಳಿದಿದೆ, ಎಲೆ ಸುಡುತ್ತದೆ, ಇನ್ನಷ್ಟು ಸುಣ್ಣದ ನೀರು ಬೇಕು. ಹಳೇ ಚೀಲದ, ಗಾಳಿಗೆ ಅರಳಿದ ಸುಣ್ಣ ಹಾಕಿದಾಗ ಕೆಂಪು ಹತ್ತುವುದು ಜಾಸ್ತಿ. ಕಲಸಿದ್ದನ್ನು ಅದೇ ದಿನ ಮುಗಿಸಿ.

ಉದ್ದವಾಯಿತು, ಹೌದು. ಆದರೆ ಒಂದು ಸಲ ಬರೆದು ಸ್ಟಾರ್ ಮಾಡಿಟ್ಟರೆ ಮುಂದಿನ ವರ್ಷವೂ ಬರುತ್ತದೆ.

ಮಳೆ, ರೇಟಿನ ವಿಷಯ ಇಷ್ಟು ತೊಡಕಿನದಲ್ಲ. ಮಳೆ ಹಾಕುವವರು ಊರಿನ ಹೆಸರು, ಅಳತೆ ತೆಗೆದ ಹೊತ್ತು, ಸೆಂಟ್ಸೋ ಮಿಲಿಮೀಟರೋ ಅನ್ನುವುದನ್ನು ಬರೆದರೆ ಸಾಕು. 100 ಸೆಂಟ್ಸ್ ಅಂದರೆ ಒಂದು ಇಂಚು, 25.4 ಮಿಮೀ. ಬರೀ ‘60 ಬಂತು’ ಅಂದರೆ ಆಲ್ದೂರಿನವರಿಗೆ ಒಂದು ಅರ್ಥ, ಬೇಲೂರಿನವರಿಗೆ ಇನ್ನೊಂದು. ರೇಟ್ ಕೇಳಿದವರಿಗೆ ಪಾರ್ಚ್‌ಮೆಂಟೋ (ಸಿಪ್ಪೆ ಸುಲಿದು ತೊಳೆದು ಒಣಗಿಸಿದ್ದು) ಚೆರಿಯೋ (ಹಣ್ಣನ್ನು ಹಾಗೇ ಒಣಗಿಸಿದ್ದು), 50 ಕೆಜಿಗೆ ಎಷ್ಟು, ಯಾವ ಓಟಿಗೆ (ಔಟ್‌ಟರ್ನ್, ಅಂದರೆ ಚೀಲಕ್ಕೆ ಸಿಗುವ ಶುದ್ಧ ಬೀಜದ ಪ್ರಮಾಣ), ತೇವಾಂಶ ಎಷ್ಟಿದ್ದರೆ ಆ ಬೆಲೆ ಅಂತ ಸೇರಿಸಿ ಹೇಳದಿದ್ದರೆ ಹೇಳಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಇನ್ನು ನಡವಳಿಕೆ. ಉತ್ತರವನ್ನು ಯಾವಾಗಲೂ ಆ ಪ್ರಶ್ನೆಯನ್ನೇ ಬಲಕ್ಕೆ ಎಳೆದು, ಅದಕ್ಕೆ ಅಂಟಿಸಿ ಬರೆಯಬೇಕು. ಇಲ್ಲದಿದ್ದರೆ ಒಬ್ಬರ ಬೋರ್ಡೋ ಅಳತೆ ಇನ್ನೊಬ್ಬರ ಕಾಳುಮೆಣಸಿನ ಪ್ರಶ್ನೆಯ ಕೆಳಗೆ ಹೋಗಿ ಕೂರುತ್ತದೆ. ಯಾರಾದರೂ ತಪ್ಪು ಅಳತೆ ಹಾಕಿದರೆ ಎಲ್ಲರ ಎದುರೇ, ತಕ್ಷಣ ತಿದ್ದಬೇಕು, ದಾಕ್ಷಿಣ್ಯ ಬೇಡ. ‘ಅಣ್ಣಾ, ಅದು ಬ್ಯಾರಲ್‌ಗೆ ಇರಬೇಕು, ಕ್ಯಾನಿಗಲ್ಲ’ ಅಂದರೆ ಯಾರಿಗೂ ಬೇಜಾರಿಲ್ಲ. ಉಳಿದ ತಕರಾರೆಲ್ಲ ಪರ್ಸನಲ್‌ನಲ್ಲಿ. ‘ಇದೂ ಗೊತ್ತಿಲ್ವಾ?’ ಅನ್ನುವ ಒಂದು ಸಾಲಿಗೆ ಹೊಸಬರು ಮಾತ್ರವಲ್ಲ, ಕೇಳಬೇಕೆಂದು ಕಾದಿದ್ದ ಇನ್ನೂ ಹತ್ತು ಜನ ತಣ್ಣಗಾಗುತ್ತಾರೆ. ಗೊತ್ತಿಲ್ಲದ್ದಕ್ಕೆ ಊಹೆ ಬೇಡ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಿಂದ ಇದೇ ಜಿಲ್ಲೆಯಲ್ಲಿದೆ, ರೋಗದ ರೆಂಬೆ ಹಿಡಿದು ಅಲ್ಲಿಗೆ ಹೋಗಿ ಅನ್ನುವುದೂ ಒಳ್ಳೆಯ ಉತ್ತರವೇ.

ಬಹಳ ಜನ ಮಾಡದೇ ಬಿಡುವ ಕೆಲಸವೊಂದಿದೆ. ಮೂರು ನಾಲ್ಕು ವಾರ ಬಿಟ್ಟು ಅದೇ ಹಳೆಯ ಪ್ರಶ್ನೆಗೆ ಹೋಗಿ, ‘ಅಕ್ಕಾ, ಆ ಗಿಡಗಳು ಏನಾದ್ವು?’ ಅಂತ ಕೇಳುವುದು. ಔಷಧಿ ಕೆಲಸ ಮಾಡಿತೋ ಇಲ್ಲವೋ ಅನ್ನುವುದು ಗ್ರೂಪಿಗೆ ಗೊತ್ತಾಗುವುದು ಆಗಲೇ. ಕೇಳಿಸಿಕೊಂಡವರು ಮುಂದಿನ ಸಲ ಬೇರೆಯವರಿಗೆ ತಾವೇ ಉತ್ತರ ಬರೆಯಲು ಶುರು ಮಾಡುವುದೂ ಸಾಮಾನ್ಯವಾಗಿ ಇಲ್ಲಿಂದಲೇ.

ಅಡ್ಮಿನ್‌ಗಳಿಗೆ: ಟ್ರೇಸಿಂಗ್ ವಿವರ ಇವತ್ತೇ ಪಿನ್ ಮಾಡುವುದಾದರೆ 24 ಗಂಟೆ, 7 ದಿನ ಬಿಟ್ಟು 30 ದಿನದ್ದನ್ನೇ ಆರಿಸಿ. ಅಕ್ಟೋಬರ್ 14ಕ್ಕೆ ಅದು ತಾನಾಗಿ ಇಳಿಯುತ್ತದೆ. ಹಾರಾಟದ ಕಾಲ ಅದೇ ಆದ್ದರಿಂದ ಅವತ್ತು ಮರೆಯದೆ ಮತ್ತೆ ಏರಿಸಿ.