ಕ್ಯೂಬ್ ಪಾಸಾಯ್ತು, ಪಿಲ್ಲರ್ ಪಾಸಾಗಲಿಲ್ಲ

ಕಾಂಕ್ರೀಟಿನ ಶಕ್ತಿ ಪರೀಕ್ಷೆ ಮಾಡುವ ನಮ್ಮ ಲ್ಯಾಬಿಗೆ ಕಾಂಕ್ರೀಟ್ ಕ್ಯೂಬ್‌ಗಳು ಬರುವ ರೀತಿ ನೋಡಿದರೆ ನಿಮಗೆ ನಗು ಬರಬಹುದು. ಬೈಕಿನ ಹಿಂದೆ ಸಿಮೆಂಟ್ ಚೀಲದಲ್ಲಿ ಕಟ್ಟಿಕೊಂಡು ಬರುತ್ತಾರೆ, ಆಟೋದಲ್ಲಿ ಟೊಮೆಟೊ ಕ್ರೇಟಿನೊಳಗೆ ಇಟ್ಟುಕೊಂಡು ಬರುತ್ತಾರೆ. ಯಾವ ಕಡೆಯಿಂದ ಅಳೆದರೂ 150 ಮಿ.ಮೀ. ಇರುವ, ಎಂಟು ಕೆಜಿ ಆಸುಪಾಸು ತೂಗುವ ಒಂದು ಕಲ್ಲಿನಂಥ ಗಟ್ಟಿ, ಅಷ್ಟೇ. ಆದರೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಶಾಲೆ ಕೊಠಡಿ, ಅಂಗನವಾಡಿ, ನೀರಿನ ಟ್ಯಾಂಕು ಅಂತ ಎಷ್ಟೋ ಸರ್ಕಾರಿ ಕೆಲಸಗಳ ಬಿಲ್ಲು ಪಾಸಾಗಬೇಕಾದರೆ ಈ ಗಟ್ಟಿಯ ರಿಪೋರ್ಟ್ ಬೇಕೇ ಬೇಕು.

ಕಾಂಕ್ರೀಟ್ ಹಾಕುವ ದಿನವೇ, ಅದೇ ಕಾಂಕ್ರೀಟನ್ನು ಕಬ್ಬಿಣದ ಅಚ್ಚಿಗೆ ಮೂರು ಪದರವಾಗಿ ತುಂಬಿ, ಕೈಯಲ್ಲಿ ಕುಟ್ಟುವುದಾದರೆ ಪದರಕ್ಕೆ 35 ಸಲ ರಾಡಿನಲ್ಲಿ ಕುಟ್ಟಿ, ಮಾರನೇ ದಿನ ಬಿಚ್ಚಿ ನೀರಿನ ತೊಟ್ಟಿಗೆ ಹಾಕಬೇಕು. 28 ದಿನ ಆದಮೇಲೆ ನಾವು ಮೆಷಿನ್ನಿಗಿಟ್ಟು ಒಡೆಯುತ್ತೇವೆ. ಮೂರು ಕ್ಯೂಬಿನ ಸರಾಸರಿ ಎಷ್ಟು ಬಂತೋ ಅದೇ ಲೆಕ್ಕ. ಎಂ20 ಅಂದರೆ ಚದರ ಮಿ.ಮೀ.ಗೆ 20 ನ್ಯೂಟನ್ ತಡೆಯಬೇಕು.

ಇಷ್ಟು ನೆಟ್ಟಗೆ ನಡೆದರೆ ಸರಿ. ಆದರೆ ಬೇರೆ ಬೇರೆ ಊರಿನ ಕೆಲಸ ಅಂತ ಬರೆದುಕೊಂಡು ಬಂದ ಕ್ಯೂಬ್‌ಗಳ ಮೇಲೆಲ್ಲ ಒಂದೇ ಮೂಲೆಯಲ್ಲಿ ಒಂದೇ ಥರದ ಗೀರು ಇರುತ್ತದೆ. ಅಚ್ಚಿನ ಪ್ಲೇಟಿಗೆ ಏಟು ಬಿದ್ದಿರುತ್ತದೆ, ಅದರ ಗುರುತು ಎಲ್ಲದರ ಮೇಲೂ ಮೂಡಿರುತ್ತದೆ. ಅಂದರೆ ಯಾರೋ ಒಂದು ಕಡೆ ಕೂತು, ಸಿಮೆಂಟ್ ಜಾಸ್ತಿ ಹಾಕಿ, ಎಲ್ಲ ಊರಿಗೂ ಕ್ಯೂಬ್ ಮಾಡಿ ಹಂಚುತ್ತಿದ್ದಾರೆ ಅಂತ ಅನುಮಾನ ಬರದೆ ಇರುತ್ತಾ? ಆದರೂ ನಾವು ಒಡೆದು, ಬಂದ ನಂಬರ್ ಬರೆದು, ‘ಲ್ಯಾಬಿಗೆ ತಂದುಕೊಟ್ಟ ಸ್ಯಾಂಪಲ್‌ಗೆ ಮಾತ್ರ ಅನ್ವಯ’ ಅಂತ ಕೆಳಗೊಂದು ಸಾಲು ಹಾಕಿ ಕೊಡುತ್ತೇವೆ. ಆ ಸಾಲನ್ನು ಯಾರೂ ಓದುವುದಿಲ್ಲ.

ಹೋದ ಬೇಸಿಗೆಯಲ್ಲಿ ಗುಡಿಬಂಡೆ ಕಡೆಯ ಒಂದು ಹಳ್ಳಿಗೆ ಹೋಗಬೇಕಾಗಿ ಬಂತು. ಹೊಸ ಶಾಲೆ ಕೊಠಡಿ. ಎಂ20 ಕಾಂಕ್ರೀಟ್, ಕ್ಯೂಬ್ ರಿಪೋರ್ಟ್ 29 ಅಂತ ಚೆನ್ನಾಗೇ ಇತ್ತು. ಆದರೆ ಹೊಸದಾಗಿ ಬಂದಿದ್ದ ಇಂಜಿನಿಯರ್ ಒಬ್ಬರು ಪಿಲ್ಲರ್ ಬುಡದಲ್ಲಿ ಜಲ್ಲಿ ಎದ್ದು ಕಾಣುವುದನ್ನು ನೋಡಿ, ಮೊಳೆಯಲ್ಲಿ ಕೆರೆದಿದ್ದಾರೆ, ಪುಡಿ ಉದುರಿದೆ. ಥರ್ಡ್ ಪಾರ್ಟಿ ಕಡೆಯಿಂದ ಕೋರ್, ಅಂದರೆ ಪಿಲ್ಲರನ್ನೇ ಕೊರೆದು ದುಂಡನೆಯ ತುಂಡು, ತೆಗೆಸಿ ಅಂತ ಪತ್ರ ಬರೆದರು. ನಾವು ಮೆಷಿನ್ನು, ಜನರೇಟರು ಎಲ್ಲ ಗಾಡಿಗೆ ಹೇರಿಕೊಂಡು ಹೊರಟೆವು.

ಮೊದಲು ರಿಬೌಂಡ್ ಹ್ಯಾಮರ್. ಪಿಲ್ಲರಿಗೆ ಒತ್ತಿ ಹಿಡಿದರೆ ಟಕ್ ಅಂತ ಹೊಡೆದು ಒಂದು ನಂಬರ್ ತೋರಿಸುತ್ತದೆ. ಅದು ಹೇಳುವುದು ಮೇಲ್ಮೈ ಎಷ್ಟು ಗಟ್ಟಿ ಅಂತ ಮಾತ್ರ. ಅದನ್ನು ನಂಬಿ ಶಕ್ತಿ ಅಂದಾಜು ಮಾಡಿದರೆ 25 ಪರ್ಸೆಂಟ್ ಹೆಚ್ಚುಕಮ್ಮಿ ಆಗಬಹುದು ಅಂತ ಐಎಸ್ (ಭಾರತೀಯ ಮಾನಕ) ಕೋಡೇ ಹೇಳುತ್ತದೆ. ಎಲ್ಲಿ ವೀಕ್ ಇದೆ ಅಂತ ಹುಡುಕುವುದಕ್ಕೆ ಸಾಕು. ಕೈಗೆ ಸಿಕ್ಕಿದ ನಂಬರ್‌ಗಳು ಒಂದು ಪಿಲ್ಲರಿಂದ ಇನ್ನೊಂದಕ್ಕೆ ತಾಳೆಯೇ ಆಗುತ್ತಿರಲಿಲ್ಲ. ಆಮೇಲೆ ಒಳಗಿನ ಕಂಬಿ ಎಲ್ಲೆಲ್ಲಿದೆ ಅಂತ ಮೀಟರಿನಲ್ಲಿ ನೋಡಿ, ಅದಕ್ಕೆ ತಗುಲದ ಹಾಗೆ ಚಾಕ್‌ಪೀಸಲ್ಲಿ ಗುರುತು ಹಾಕಿದೆವು.

ಕೋರ್ ಕಟಿಂಗಿಗೆ ನೀರು ಬೇಕು. ವಜ್ರದ ಹಲ್ಲಿನ ಬಿಟ್ ಅದು, ನೀರು ಹರಿಯುತ್ತಲೇ ಇರಬೇಕು, ಇಲ್ಲದಿದ್ದರೆ ಬಿಸಿಯಾಗಿ ಹಾಳಾಗುತ್ತದೆ. ಸೈಟಿನಲ್ಲಿ ನಲ್ಲಿ ಇಲ್ಲ, ಸಂಪು ಇಲ್ಲ. ಎದುರುಮನೆ ಜಗುಲಿಯ ಮೇಲೆ ಕೂತಿದ್ದ ಅಜ್ಜಿಯನ್ನು ಕೇಳಿದೆವು. ಅಂಗಳದಲ್ಲಿ ನೀಲಿ ಡ್ರಮ್ ಇತ್ತು.

ಅಜ್ಜಿಗೆ ಸಿಟ್ಟು ಬಂತು. "ಏನಪ್ಪಾ, ಸ್ಕೂಲು ಕಟ್ಟೋವಾಗ ನಮ್ಮನೇಲಿ ಒಂದು ಬಿಂದಿಗೆ ನೀರು ಕೇಳ್ದೋರಿಲ್ಲ. ಈಗ ತೂತು ಹಾಕೋಕೆ ಡ್ರಮ್ಮುಗಟ್ಲೆ ಬೇಕಾ?"

ಮೇಸ್ತ್ರಿ ಪಕ್ಕದಲ್ಲೇ ಇದ್ದ. "ಟ್ಯಾಂಕರ್ ತರಿಸ್ತಿದ್ವಿ ಅಜ್ಜಿ" ಅಂದ.

"ಯಾವ ಟ್ಯಾಂಕರೋ? ಹಗಲೆಲ್ಲ ಇಲ್ಲೇ ಕೂತಿರ್ತೀನಿ ನಾನು. ಕಾಂಕ್ರೀಟ್ ಹಾಕಿದ ದಿವ್ಸ ಬಂತು. ಆಮೇಲೆ ಬಂದಿದ್ದು ನಾನಂತೂ ಕಾಣೆ."

ಮೇಸ್ತ್ರಿ ಫೋನ್ ತೆಗೆದುಕೊಂಡು ಆ ಕಡೆ ಹೋದ. ನನಗೆ ಅರ್ಧ ರಿಪೋರ್ಟು ಅಲ್ಲೇ ಸಿಕ್ಕಿತ್ತು. ಈಗ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು. ಐಎಸ್ 456 ಪ್ರಕಾರ ಅದಕ್ಕೆ ಕಡಿಮೆ ಅಂದರೂ 10 ದಿನ ಪಸೆ ಆರದಂತೆ ನೋಡಿಕೊಳ್ಳಬೇಕು, ಇದಕ್ಕೇ ಕ್ಯೂರಿಂಗ್ ಅನ್ನುವುದು, 14 ದಿನ ಮಾಡಿದರೆ ಒಳ್ಳೆಯದು. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಸೇರಿ. ನೀರು ಆವಿಯಾಗಿ ಹೋದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಸ್ಲ್ಯಾಬಾದರೆ ಕಟ್ಟೆ ಕಟ್ಟಿ ನೀರು ನಿಲ್ಲಿಸಬಹುದು. ಪಿಲ್ಲರಿನ ಮೇಲೆ ನೀರು ನಿಲ್ಲುವುದಿಲ್ಲ, ಗೋಣಿಚೀಲ ಸುತ್ತಿ ದಿನಕ್ಕೆ ಎರಡು ಮೂರು ಸಲ ನೆನೆಸಬೇಕು. ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಕೈಕೊಡುವ ನಮ್ಮ ಸೀಮೆಯಲ್ಲಿ ಮೊದಲು ಕತ್ತರಿ ಬೀಳುವುದೇ ಈ ನೀರಿಗೆ. ಬಿಲ್ಲಿನಲ್ಲೂ ಕಾಣಲ್ಲ, ಫೋಟೋದಲ್ಲೂ ಕಾಣಲ್ಲ. ಕ್ಯೂಬ್ ಮಾತ್ರ 28 ದಿನವೂ ತೊಟ್ಟಿಯಲ್ಲಿ ತಣ್ಣಗೆ ಮಲಗಿರುತ್ತದೆ, ಪಿಲ್ಲರ್ ಬಿಸಿಲಿನಲ್ಲಿ ನಿಂತಿರುತ್ತದೆ.

ಕೊನೆಗೆ ಅಜ್ಜಿಯೇ ನೀರು ಕೊಟ್ಟರು, ಸಂಜೆ ಡ್ರಮ್ ತುಂಬಿಸಿಕೊಡುವ ಮಾತಿನ ಮೇಲೆ. ಮೆಷಿನ್ ಶುರುವಾಗುತ್ತಿದ್ದಂತೆ ಊರಿನವರೆಲ್ಲ ಸೇರಿದರು. ಹೊಸ ಸ್ಕೂಲು ಹಾಳು ಮಾಡುತ್ತಿದ್ದಾರೆ ಅಂತ ಒಬ್ಬ ವಿಡಿಯೋ ಬೇರೆ ಮಾಡುತ್ತಿದ್ದ. ಅವನದೇನೂ ತಪ್ಪಿಲ್ಲ, ನೋಡಿದರೆ ಹಾಗೇ ಅನಿಸುತ್ತದೆ. ಮೊದಲ ಎರಡು ಕೋರ್ ಬಾಳೆದಿಂಡಿನ ಹಾಗೆ ದುಂಡಗೆ, ನುಣ್ಣಗೆ ಈಚೆ ಬಂದವು. ಮೂರನೆಯದು ಪಶ್ಚಿಮದ ಕಡೆಯ ಪಿಲ್ಲರಿನದು, ಮಧ್ಯಾಹ್ನದಿಂದ ಸಂಜೆವರೆಗೂ ಬಿಸಿಲು ಬೀಳುವ ಜಾಗ. ಕೈಯಲ್ಲಿ ಹಿಡಿದು ಹೆಬ್ಬೆರಳಿಂದ ಉಜ್ಜಿದೆ, ಎಂ-ಸ್ಯಾಂಡ್ ಉಗುರಿನ ಸಂದಿಗೆ ಬಂತು. ಒಂದು ಮಗ್ಗುಲಲ್ಲಿ ಜಲ್ಲಿ ಜಲ್ಲಿ ಮಧ್ಯೆ ಪೆನ್ಸಿಲ್ ತುದಿ ತೂರುವಷ್ಟು ಗೂಡುಗಳು. ಕಾಂಕ್ರೀಟನ್ನು ಅದುರಿಸಿ ಒತ್ತಾಗಿ ಕೂರಿಸುವ ವೈಬ್ರೇಟರ್ ಅಲ್ಲಿ ಮುಟ್ಟೇ ಇಲ್ಲ. ವಿಡಿಯೋ ಮಾಡುತ್ತಿದ್ದ ಹುಡುಗನ ಕೈಗೆ ಎರಡು ಥರದ ಕೋರನ್ನೂ ಕೊಟ್ಟೆ. ಉಜ್ಜಿ ನೋಡಿದ, ಆಮೇಲೆ ಮೇಸ್ತ್ರಿ ಕಡೆಗೆ ಕ್ಯಾಮೆರಾ ತಿರುಗಿಸಿದ.

ತೂತುಗಳನ್ನು ಕುಗ್ಗದ ಗ್ರೌಟ್ ಹಾಕಿ ಮುಚ್ಚಿ, ಕೋರ್‌ಗಳಿಗೆ ನಂಬರ್ ಬರೆದು, ಇಂಜಿನಿಯರ್ ಸಹಿ ಹಾಕಿಸಿ ಲ್ಯಾಬಿಗೆ ತಂದೆವು. ತುದಿ ಕತ್ತರಿಸಿ ಸಮ ಮಾಡಿ ಒಡೆದಾಗ, ಉದ್ದ ವ್ಯಾಸದ ಲೆಕ್ಕವೆಲ್ಲ ಹಾಕಿ ಕ್ಯೂಬಿನ ಲೆಕ್ಕಕ್ಕೆ ತಂದರೆ 18.5, 17.2, 13.6. ಸರಾಸರಿ 16.4. ಕೋರ್ ವಿಷಯದಲ್ಲಿ ಕೋಡ್ ಸ್ವಲ್ಪ ಉದಾರಿಯೇ, ಸರಾಸರಿಯಲ್ಲಿ ಬೇಕಾದ ಶಕ್ತಿಯ 85 ಪರ್ಸೆಂಟ್ ಬಂದರೆ ಸಾಕು, ಯಾವ ಒಂದೂ 75ಕ್ಕಿಂತ ಕೆಳಗೆ ಹೋಗಬಾರದು ಅಷ್ಟೇ. ಎಂ20ಗೆ ಅದು 17 ಮತ್ತು 15. ಎರಡರಲ್ಲೂ ಬಿತ್ತು.

ರಿಪೋರ್ಟ್ ಹೋಗುವ ಮೊದಲೇ ಗುತ್ತಿಗೆದಾರರ ಕಡೆಯಿಂದ ಫೋನ್ ಬಂತು. "ಸಾರ್, ಸರಾಸರಿ ಹತ್ರಾನೇ ಇದೆಯಂತಲ್ಲ, ಸ್ವಲ್ಪ ನೋಡಿ ಹಾಕಿ." ಬಹಳ ಮರ್ಯಾದೆಯಿಂದಲೇ ಕೇಳಿದರು. ಈ ವೃತ್ತಿಯ ತೊಂದರೆ ಇದೇ. ಎಷ್ಟೋ ಕೆಲಸಗಳಲ್ಲಿ ಟೆಸ್ಟ್ ಫೀಸು ಕಟ್ಟುವವರೂ ಗುತ್ತಿಗೆದಾರರೇ, ಮುಂದಿನ ಕ್ಯೂಬ್ ತರಬೇಕಾದವರೂ ಅವರೇ. ಇಲ್ಲ ಅಂದರೆ ಬೇರೆ ಲ್ಯಾಬಿಗೆ ಹೋಗುತ್ತಾರೆ, ಹೋಗಿದ್ದಾರೆ ಕೂಡ. ಪರೀಕ್ಷೆ ಬರೆಯುವವನೇ ಮೇಷ್ಟ್ರಿಗೆ ಸಂಬಳ ಕೊಡುವ ಈ ಪದ್ಧತಿಯನ್ನು ಮೊದಲು ಬಿಡಿಸಬೇಕು, ಇಲಾಖೆಯೇ ನೇರವಾಗಿ ಲ್ಯಾಬಿಗೆ ದುಡ್ಡು ಕಟ್ಟಬೇಕು ಅಂತ ನನ್ನ ಅನಿಸಿಕೆ. 16.4 ಅಂತಲೇ ರಿಪೋರ್ಟ್ ಹೋಯಿತು. ಬಿಲ್ಲು ನಿಂತಿತು. ಡಿಸೈನ್‌ನವರು ಬಂದು ಲೆಕ್ಕ ಹಾಕಿ, ಆ ಸಾಲಿನ ಪಿಲ್ಲರ್‌ಗಳಿಗೆ ಸುತ್ತ ಕಂಬಿ ಕಟ್ಟಿ ಮೇಲೆ ಇನ್ನೊಂದು ಕಾಂಕ್ರೀಟ್ ಪದರ ಹಾಕುವ ಜಾಕೆಟಿಂಗ್ ಮಾಡಿಸಿದರು. ಅದರ ಖರ್ಚು ಗುತ್ತಿಗೆದಾರರ ತಲೆಗೇ ಬಂತು.

ಆಮೇಲೊಂದು ದಿನ ಅದೇ ಗುತ್ತಿಗೆದಾರರು ಲ್ಯಾಬಿಗೆ ಬಂದಿದ್ದರು. ಸಿಟ್ಟೇನೂ ಇರಲಿಲ್ಲ, ಟೀ ಕುಡಿಯುತ್ತಾ, "ನೀರಿಗೆ, ಗೋಣಿಚೀಲಕ್ಕೆ ಎಸ್ಟಿಮೇಟಲ್ಲಿ ದುಡ್ಡೇ ಇಟ್ಟಿಲ್ಲ ಸಾರ್, ನಾವು ಎಲ್ಲಿಂದ ತರೋಣ" ಅಂದರು. ಅವರ ಫೈಲಿನಲ್ಲಿದ್ದ ಎಸ್ಟಿಮೇಟನ್ನೇ ತೆಗೆದು ಕಾಂಕ್ರೀಟ್ ಐಟಂ ತೋರಿಸಿದೆ. ಸಾಮಾನು, ಕೂಲಿ, ಕ್ಯೂರಿಂಗ್ ಎಲ್ಲ ಸೇರಿ ಅಂತ ಅದೇ ದರದಲ್ಲಿ ಬರೆದಿತ್ತು. ಕನ್ನಡಕ ಹಾಕಿಕೊಂಡು ಓದಿದರು. "ಇದನ್ನ ಯಾರು ಸಾರ್ ಓದ್ತಾರೆ" ಅಂದು, ಹೊಸ ಕೆಲಸದ ಕ್ಯೂಬ್ ಯಾವತ್ತು ತರಬೇಕು ಅಂತ ಕೇಳಿದರು. ಅಚ್ಚು ತಗೊಂಡು ನಾನೇ ಸೈಟಿಗೆ ಬರುತ್ತೇನೆ, ಕಾಂಕ್ರೀಟ್ ಹಾಕುವ ಹಿಂದಿನ ದಿನ ಫೋನ್ ಮಾಡಿ ಅಂದೆ.