ಎರಡು ಕರೆಗಳ ನಡುವೆ

"ಬೆಳಿಗ್ಗೆ ಚೆನ್ನಾಗಿ ಪ್ರಾರ್ಥನೆ ಮಾಡಿ ಹೊರಟೆ, ಮಧ್ಯಾಹ್ನ ಆಗೋದ್ರೊಳಗೆ ಎಲ್ಲಾ ಹೋಯ್ತು." ಈ ಮಾತನ್ನು ಸಭೆಯಲ್ಲಿ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ನಿಜವಾದ ನೋವಿರುತ್ತದೆ. ಕರ್ತನ ಮೇಲೆ ಪ್ರೀತಿ ಇಲ್ಲದವರಿಗೆ ಆ ನೋವು ಬರುವುದಾದರೂ ಹೇಗೆ? ಅಂಥವರನ್ನು ನೆನೆದುಕೊಂಡೇ ನನ್ನ ಒಂದು ದಿನದ ಬಗ್ಗೆ ಬರೆಯುತ್ತಿದ್ದೇನೆ. ಅವತ್ತು ದೊಡ್ಡ ಅದ್ಭುತವೇನೂ ನಡೆಯಲಿಲ್ಲ. ಆದರೆ ಕ್ರಿಸ್ತನಲ್ಲಿ ನೆಲೆಗೊಂಡಿರುವುದು ಅಂದರೆ ಏನು ಎಂದು ನನಗೆ ತುಂಬ ಹತ್ತಿರದಿಂದ ಕಂಡಿತು.

ನನ್ನದು ಫೋನಿನಲ್ಲಿ ಮಾತಾಡುವ ಕೆಲಸ. ಕಿವಿಗೆ ಹೆಡ್‌ಸೆಟ್, ಮುಂದೆ ಸ್ಕ್ರೀನ್. ಗ್ರಾಹಕರ ದೂರು ಕೇಳಬೇಕು, ಟೈಪ್ ಮಾಡಿಕೊಳ್ಳಬೇಕು, ಉತ್ತರ ಹೇಳಬೇಕು. ಒಂದು ಕರೆ ಮುಗಿದರೆ ಕೆಲವೇ ಸೆಕೆಂಡು ಬಿಡುವು. ಅಷ್ಟರಲ್ಲಿ ಕಿವಿಯಲ್ಲಿ ಬೀಪ್ ಅನ್ನುತ್ತದೆ, ಮುಂದಿನ ಕರೆ ತಾನಾಗಿಯೇ ಬಂದು ಬೀಳುತ್ತದೆ. ಆ ಕಡೆ ಯಾರಿದ್ದಾರೆ, ಯಾವ ಮನಸ್ಥಿತಿಯಲ್ಲಿದ್ದಾರೆ, ಏನೂ ಗೊತ್ತಿರುವುದಿಲ್ಲ.

ಅವತ್ತು ಬೆಳಿಗ್ಗೆ ಯೋಹಾನನ ಸುವಾರ್ತೆಯ 15ನೇ ಅಧ್ಯಾಯ ಓದಿದ್ದೆ. ಯೇಸು ತಾನೇ ದ್ರಾಕ್ಷಾಬಳ್ಳಿ, ನಾವು ಕೊಂಬೆಗಳು ಎಂದು ಹೇಳುವ ಭಾಗ. ಚಿಕ್ಕಂದಿನಿಂದ ಬಾಯಿಪಾಠ ಆಗಿರುವ ಮಾತುಗಳು. ಆದರೆ ಅವತ್ತು ಒಂದು ವಿಷಯ ಮನಸ್ಸಿಗೆ ನಾಟಿತು. ಈ ಮಾತುಗಳನ್ನು ಯೇಸು ಹೇಳಿದ್ದು ನೆಮ್ಮದಿಯ ದಿನದಲ್ಲಿ ಅಲ್ಲ, ತನ್ನನ್ನು ಹಿಡಿದುಕೊಂಡು ಹೋಗುವ ರಾತ್ರಿಯಲ್ಲಿ. ಅವನನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದನು ಆಗಲೇ ಎದ್ದು ಹೊರಗೆ ಹೋಗಿಯಾಗಿತ್ತು. ಇನ್ನೊಬ್ಬ ಶಿಷ್ಯ ಪೇತ್ರನಿಗೆ, ಕೋಳಿ ಕೂಗುವುದರೊಳಗೆ ನೀನು ನನ್ನನ್ನು ಅರಿಯೆನೆಂದು ಮೂರು ಸಾರಿ ಹೇಳುವೆ ಎಂದೂ ಹೇಳಿಯಾಗಿತ್ತು. ಇನ್ನು ಸ್ವಲ್ಪ ಹೊತ್ತಿನಲ್ಲಿ ಶಿಷ್ಯರೆಲ್ಲರೂ ಚದರಿ ಓಡುತ್ತಾರೆ. ಅಂಥ ಜನರ ಮುಂದೆ ಕೂತು ಯೇಸು, ನನ್ನಲ್ಲಿ ನೆಲೆಗೊಂಡಿರಿ ಎನ್ನುತ್ತಾನೆ. ಅದೇ ಮಾತಿನ ಮುಂದುವರಿಕೆಯಲ್ಲಿ, ನನ್ನ ಸಂತೋಷ ನಿಮ್ಮಲ್ಲಿರಬೇಕು ಅಂತಲೂ ಹೇಳುತ್ತಾನೆ. ಅಂದರೆ ಈ ನೆಲೆಗೊಳ್ಳುವಿಕೆ ಸದ್ದಿಲ್ಲದ ಕೋಣೆಗೆ ಮಾತ್ರ ಹೇಳಿದ್ದಲ್ಲ, ಅಲ್ವಾ? ಗಲಾಟೆಯ ನಡುವೆ ಇರುವವರಿಗೇ ಹೇಳಿದ್ದು. ಇದನ್ನು ಯೋಚಿಸುತ್ತಲೇ ಕೆಲಸಕ್ಕೆ ಹೋದೆ.

ಹೋಗಿ ಕೂತಾಗಲೇ ಸ್ಕ್ರೀನಿನ ಮೂಲೆಯಲ್ಲಿ ಕಾಯುತ್ತಿರುವ ಕರೆಗಳ ಸಂಖ್ಯೆ ಕೆಂಪಗಾಗಿತ್ತು. ಎಲ್ಲೋ ತಾಂತ್ರಿಕ ತೊಂದರೆ. ಜನರ ಖಾತೆಯಿಂದ ಹಣ ಹೋಗಿದೆ, ಸೇರಬೇಕಾದ ಕಡೆ ಸೇರಿಲ್ಲ. ಯಾವಾಗ ಸರಿಯಾಗುತ್ತದೆ ಎಂದು ನಮಗೂ ಯಾರೂ ಹೇಳಿಲ್ಲ. ಕೇಳಿದವರಿಗೆ "ಶೀಘ್ರದಲ್ಲೇ ಸರಿಯಾಗುತ್ತದೆ" ಎಂದು ಹೇಳಿ ಅಂತ ಮಾತ್ರ ಸೂಚನೆ ಬಂದಿತ್ತು.

ಒಂದರ ಹಿಂದೆ ಒಂದು ಕರೆ. ಬೈಗುಳ, ಅಳು, ಮತ್ತೆ ಬೈಗುಳ. ನಾನು ಬಹಳ ದಿನಗಳಿಂದ ಇಟ್ಟುಕೊಂಡಿರುವ ಒಂದು ಅಭ್ಯಾಸವಿದೆ. ಒಂದು ಕರೆ ಮುಗಿದು ಬೀಪ್ ಬರುವುದರೊಳಗೆ ಒಂದೇ ಒಂದು ವಾಕ್ಯ ಪ್ರಾರ್ಥನೆ ಮಾಡುತ್ತೇನೆ. ಹೆಚ್ಚಾಗಿ ಕುರುಡನಾದ ಬಾರ್ತಿಮಾಯನ ಮಾತು: "ಯೇಸುವೇ, ದಾವೀದನ ಕುಮಾರನೇ, ನನ್ನನ್ನು ಕರುಣಿಸು." ಜನ ಸುಮ್ಮನಿರು ಅಂತ ಗದರಿಸಿದರೂ ಅವನು ಇನ್ನೂ ಜಾಸ್ತಿ ಕೂಗಿದ ಎಂದು ಮಾರ್ಕನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇಂಥದೇ ಒಂದು ಚಿಕ್ಕ ಪ್ರಾರ್ಥನೆಯನ್ನು, ಯೇಸುವಿನ ಹೆಸರು ಹಿಡಿದು ಕರುಣೆ ಬೇಡುವ ಪ್ರಾರ್ಥನೆಯನ್ನು, ನೂರಾರು ವರ್ಷಗಳಿಂದ ದಿನವಿಡೀ ಹೇಳಿಕೊಳ್ಳುತ್ತಾ ಬಂದಿದ್ದಾರೆ. ನನಗೆ ಇದು ಮಂತ್ರ ಅಲ್ಲ. ಹೇಳಿದರೆ ಕೆಲಸ ಆಗಿಬಿಡುತ್ತದೆ ಅನ್ನುವ ಲೆಕ್ಕವೂ ಅಲ್ಲ. ಪಕ್ಕದಲ್ಲೇ ಇರುವವನ ಕಡೆ ಒಂದು ಸಾರಿ ಮುಖ ತಿರುಗಿಸುವುದು, ಅಷ್ಟೇ.

ಮಧ್ಯಾಹ್ನ ಒಬ್ಬರ ಕರೆ ಬಂತು. ನಾನು ನಮಸ್ಕಾರ ಹೇಳಿ ಮುಗಿಸುವುದರೊಳಗೇ ಶುರು ಮಾಡಿದರು. ಇಲ್ಲಿ ಬರೆಯಲಾಗದ ಮಾತುಗಳು. ನನ್ನ ಕೈ ತಣ್ಣಗಾಯಿತು. ಮ್ಯೂಟ್ ಬಟನ್ ಒತ್ತಿದೆ. "ಕರ್ತನೇ, ಕರುಣಿಸು" ಎಂದೆ. ಯಾರನ್ನು ಕರುಣಿಸಲಿ ಅಂತ ಹೇಳಲಿಲ್ಲ. ಮತ್ತೆ ಮ್ಯೂಟ್ ತೆಗೆದು, "ಸರ್, ವ್ಯವಹಾರದ ಸಂಖ್ಯೆ ಹೇಳ್ತೀರಾ, ನಾನು ಬರ್ಕೊಳ್ತೀನಿ" ಎಂದೆ.

ಅವರು ಓದಲು ಶುರು ಮಾಡಿದರು. ಉದ್ದದ ಸಂಖ್ಯೆ. ಅರ್ಧಕ್ಕೆ ಬರುವಾಗ ತಪ್ಪಿತು. "ಇರಿ, ಇರಿ" ಎಂದು ಮೊದಲಿನಿಂದ ಓದಿದರು. ಮತ್ತೆ ಅದೇ ಜಾಗದಲ್ಲಿ ತಪ್ಪಿತು. ಈ ಸಲ ದನಿ ನಡುಗುತ್ತಿತ್ತು. ಒಂದು ನಿಮಿಷದ ಹಿಂದೆ ಕೂಗಾಡುತ್ತಿದ್ದ ಮನುಷ್ಯ ಇವರೇನಾ ಅನ್ನಿಸಿತು. ಇದು ಕೋಪ ಅಲ್ಲ, ಹೆದರಿಕೆ ಅಂತ ಆಗ ಗೊತ್ತಾಯಿತು. "ನಿಧಾನವಾಗಿ ಹೇಳಿ ಸರ್, ನಾನು ಎಲ್ಲಿಗೂ ಹೋಗಲ್ಲ" ಎಂದೆ. ಮೂರನೇ ಸಲ ಒಂದೊಂದೇ ಅಂಕಿ ಬಿಡಿಸಿ ಹೇಳಿದರು. ಮಗಳ ಪರೀಕ್ಷೆ ಶುಲ್ಕವಂತೆ. ಕಟ್ಟಲು ಅವತ್ತೇ ಕೊನೆಯ ದಿನ.

"ಇವತ್ತು ಸಾಯಂಕಾಲದೊಳಗೆ ಆಗುತ್ತಾ? ನಿಜ ಹೇಳಿ" ಎಂದು ಕೇಳಿದರು.

ಶೀಘ್ರದಲ್ಲೇ ಆಗುತ್ತದೆ ಎನ್ನುವ ಉತ್ತರ ಕಣ್ಣಮುಂದೆಯೇ ಇತ್ತು. ಹೇಳಿದ್ದರೆ ಅವರಿಗೂ ಆ ಕ್ಷಣಕ್ಕೆ ಸಮಾಧಾನ, ನನಗೂ ಕರೆ ಮುಗಿಯುತ್ತಿತ್ತು. ನನ್ನನ್ನು ತಡೆದದ್ದು ಯೋಹಾನನ ಮೊದಲ ಪತ್ರದ ಒಂದು ಮಾತು. ದೇವರೊಂದಿಗೆ ಅನ್ಯೋನ್ಯತೆ ಇದೆ ಎಂದು ಹೇಳಿಕೊಂಡು ಕತ್ತಲೆಯಲ್ಲಿ ನಡೆದರೆ ನಾವು ಸುಳ್ಳುಗಾರರು ಎಂದು ಮೊದಲನೇ ಅಧ್ಯಾಯದಲ್ಲೇ ಬರುತ್ತದೆ. ಒಂದು ನಿಮಿಷದ ಹಿಂದೆ ಕರ್ತನನ್ನು ಕರೆದ ಇದೇ ಬಾಯಿಂದ ಗೊತ್ತಿಲ್ಲದ್ದನ್ನು ಗೊತ್ತಿದ್ದ ಹಾಗೆ ಹೇಳಲು ಆಗಲಿಲ್ಲ. "ಸರ್, ಯಾವಾಗ ಅಂತ ನನಗೆ ಗೊತ್ತಿಲ್ಲ. ದೂರು ದಾಖಲು ಮಾಡಿದ್ದೇನೆ. ಆ ದೂರಿನ ಸಂಖ್ಯೆ, ಹಣ ಕಟ್ ಆಗಿರುವ ಮೆಸೇಜ್ ಎರಡನ್ನೂ ಮಗಳ ಕಾಲೇಜಿನವರಿಗೆ ಇವತ್ತೇ ತೋರಿಸಿ, ಸಮಯ ಕೇಳಿ ನೋಡಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಆಯ್ತಮ್ಮ, ಹಾಗೇ ಮಾಡ್ತೀನಿ" ಎಂದರು. ಬೀಪ್. ಮುಂದಿನ ಕರೆ.

ಕ್ರಿಸ್ತನ ಜೊತೆಗಿನ ಸಂಬಂಧವನ್ನು ನಾವು ಹೆಚ್ಚಾಗಿ ಮನಸ್ಸಿನ ಅನುಭವದಿಂದ ಅಳೆಯುತ್ತೇವೆ. ಹಾಡುವಾಗ ಕಣ್ಣು ತುಂಬಿತಾ, ಪ್ರಾರ್ಥನೆಯಲ್ಲಿ ಶಾಂತಿ ಬಂತಾ ಅಂತ. ಅವೆಲ್ಲ ಒಳ್ಳೆಯವೇ, ಬಂದಾಗ ನಾನು ಸ್ತೋತ್ರ ಹೇಳುತ್ತೇನೆ. ಆದರೆ ಅವತ್ತು ಮಧ್ಯಾಹ್ನ ನನಗೆ ಯಾವ ಶಾಂತಿಯ ಅನುಭವವೂ ಆಗಲಿಲ್ಲ. ಹೊಟ್ಟೆಯಲ್ಲಿ ಸಂಕಟ ಹಾಗೇ ಇತ್ತು. ಆದರೂ ಬೈದ ಮನುಷ್ಯನ ಹೆದರಿಕೆ ಕಿವಿಗೆ ಬಿತ್ತು, ಸುಳ್ಳು ಬಾಯಿಗೆ ಬರಲಿಲ್ಲ. ಇವೆರಡೂ ನನ್ನ ಸ್ವಭಾವದಿಂದ ಬಂದದ್ದಲ್ಲ ಎಂದು ಖಂಡಿತವಾಗಿ ಹೇಳಬಲ್ಲೆ. ಬಳ್ಳಿಯಿಂದ ಬಂದದ್ದು.

ಬೆಳಿಗ್ಗೆಯ ಪ್ರಾರ್ಥನೆಯನ್ನು ಮೊಬೈಲ್ ಚಾರ್ಜ್ ಮಾಡುವುದಕ್ಕೆ ಹೋಲಿಸಿ ಹೇಳುವುದುಂಟು. ಬೆಳಿಗ್ಗೆ ತುಂಬಿಸಿಕೊಂಡರೆ ದಿನವಿಡೀ ಸಾಕು ಎಂದು. ನನಗೆ ಈ ಹೋಲಿಕೆ ಒಪ್ಪಿಗೆಯಾಗುವುದಿಲ್ಲ. ಕೊಂಬೆ ಬೆಳಿಗ್ಗೆ ರಸ ತುಂಬಿಸಿಕೊಂಡು ಬಳ್ಳಿಯನ್ನು ಬಿಟ್ಟು ಹೋಗುವುದಿಲ್ಲ. ಸಂಜೆ ನಾಲ್ಕು ಗಂಟೆಗೂ ಅದಕ್ಕೆ ಬಳ್ಳಿ ಬೇಕು.

ಹಾಗಂತ ಚಿಕ್ಕ ಪ್ರಾರ್ಥನೆಯಷ್ಟೇ ಸಾಕು, ಬೆಳಿಗ್ಗೆಯದು ಬೇಡ ಎಂದು ಯಾರೂ ತಿಳಿಯಬಾರದು. ಬೈಬಲ್ಲಿನ ನೆಹೆಮೀಯನನ್ನು ನೋಡಿ. ಪರ್ಷಿಯದ ಅರಸನಾದ ಅರ್ತಷಸ್ತನಿಗೆ ದ್ರಾಕ್ಷಾರಸದ ಬಟ್ಟಲು ಕೊಡುವ ಕೆಲಸ ಅವನದು. ಒಂದು ದಿನ ಅರಸ, ನಿನಗೆ ಏನು ಬೇಕು ಎಂದು ಕೇಳುತ್ತಾನೆ. ನೆಹೆಮೀಯನು ಪರಲೋಕದ ದೇವರಿಗೆ ಪ್ರಾರ್ಥಿಸಿ ಆಮೇಲೆ ಉತ್ತರ ಕೊಟ್ಟ ಎಂದಿದೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಎಷ್ಟು ಹೊತ್ತು ಸಿಕ್ಕಿರಬಹುದು? ಉಸಿರು ಎಳೆದುಕೊಳ್ಳುವಷ್ಟು. ಆದರೆ ಹಿಂದಿನ ಅಧ್ಯಾಯ ಓದಿದರೆ ಬೇರೆ ಚಿತ್ರ ಕಾಣುತ್ತದೆ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಬಂದದ್ದು ಕಿಸ್ಲೇವ್ ತಿಂಗಳಲ್ಲಿ, ಅರಸ ಪ್ರಶ್ನೆ ಕೇಳಿದ್ದು ನೀಸಾನ್ ತಿಂಗಳಲ್ಲಿ. ನಡುವೆ ಸುಮಾರು 4 ತಿಂಗಳು. ಸುದ್ದಿ ಕೇಳಿದ ಮೇಲೆ ಅವನು ಅತ್ತಿದ್ದಾನೆ, ಉಪವಾಸ ಮಾಡಿದ್ದಾನೆ, ಹಗಲೂ ರಾತ್ರಿ ಪ್ರಾರ್ಥಿಸಿದ್ದಾನೆ. ಅರಸನ ಮುಂದಿನ ಆ ಒಂದು ಉಸಿರಿನ ಪ್ರಾರ್ಥನೆಯ ಹಿಂದೆ ಇಷ್ಟೆಲ್ಲ ಇತ್ತು. ನನ್ನ ಮ್ಯೂಟ್ ಬಟನ್ನಿನ ಪ್ರಾರ್ಥನೆಗೂ ಬೇರು ಬೇಕಲ್ಲ? ಮಧ್ಯಾಹ್ನ ಯೋಹಾನನ ಪತ್ರದ ಮಾತು ನೆನಪಿಗೆ ಬರಬೇಕಾದರೆ ಎಂದಾದರೂ ಕೂತು ಓದಿರಬೇಕು.

ಇದೆಲ್ಲ ಒಂದೇ ವಾರದಲ್ಲಿ ಕೈಗೂಡುವ ವಿಷಯವೂ ಅಲ್ಲ. 17ನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಕಾರ್ಮೆಲ್ ಎಂಬ ಕಥೋಲಿಕ ಸನ್ಯಾಸಿ ಸಂಘದ ಒಂದು ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಾಧಾರಣ ಸಹೋದರ ಇದ್ದರು. ಮೊದಲು ಸೈನಿಕರಾಗಿದ್ದವರು. ಮಠದಲ್ಲಿ ಸಿಕ್ಕಿದ್ದು ಅಡುಗೆಮನೆ ಕೆಲಸ, ಅದು ಅವರಿಗೆ ಇಷ್ಟವೂ ಇರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆ, ಎಲ್ಲರೂ ಒಟ್ಟಿಗೇ ಏನೇನೋ ಕೇಳುವಾಗ, ಮೊಣಕಾಲೂರಿದಾಗ ಇರುವಷ್ಟೇ ದೇವರ ಹತ್ತಿರ ಇರಲು ಕಲಿತರು. 1691ರಲ್ಲಿ ತೀರಿಕೊಂಡರು. ಅವರ ಬಗ್ಗೆ ನನಗೆ ಹೆಚ್ಚು ಧೈರ್ಯ ಕೊಡುವ ವಿಷಯ ಬೇರೆ. ಮೊದಲ 10 ವರ್ಷ ತುಂಬ ಕಷ್ಟಪಟ್ಟೆ ಎಂದು ಅವರೇ ಒಂದು ಪತ್ರದಲ್ಲಿ ಬರೆದಿದ್ದಾರೆ. ಮನಸ್ಸು ಎಲ್ಲೋ ಹೋದರೆ ಗಾಬರಿಯಾಗದೆ ಮತ್ತೆ ದೇವರ ಕಡೆ ತರುವುದು, ಇದೇ ಅವರು ಮಾಡಿದ್ದು. ಹೊಸದಾಗಿ ವಿಶ್ವಾಸಕ್ಕೆ ಬಂದವರು ಬೇಸರಪಟ್ಟುಕೊಂಡಾಗ ನಾನು ಈ 10 ವರ್ಷದ ಮಾತನ್ನು ತಪ್ಪದೆ ಹೇಳುತ್ತೇನೆ.

ಅವತ್ತು ಮನೆಗೆ ಬಂದಾಗ ನನ್ನಲ್ಲಿ ಏನೂ ಉಳಿದಿರಲಿಲ್ಲ. ಬೈಬಲ್ ತೆರೆದೆ, ಅಕ್ಷರ ಕಣ್ಣಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ನಮ್ಮ ಸಭೆಯ ಒಬ್ಬ ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕ, ಪ್ರಾರ್ಥನೆ ಮಾಡೋಕೆ ಮಾತೇ ಬರ್ತಿಲ್ಲ."

"ಹಾಗಾದ್ರೆ ನೀನು ಸುಮ್ನೆ ಕೂತ್ಕೋ. ನಾನು ಮಾಡ್ತೀನಿ."

ಒಂಟಿಯಾಗಿ ಕ್ರಿಸ್ತನಿಗೆ ಅಂಟಿಕೊಂಡಿರಬೇಕು ಎಂದುಕೊಂಡು ಎಷ್ಟು ಜನ ಒಳಗೊಳಗೇ ಸೋತುಹೋಗುತ್ತಾರೋ. ಬಳ್ಳಿ ಒಂದೇ, ಕೊಂಬೆಗಳು ಹಲವು. ಪಾರ್ಶ್ವವಾಯು ಬಡಿದವನನ್ನು ನಾಲ್ಕು ಜನ ಹೊತ್ತು ತಂದು ಮಾಳಿಗೆ ಬಿಚ್ಚಿ ಇಳಿಸಿದಾಗ ಯೇಸು ನೋಡಿದ್ದು ಆ ಹೊತ್ತವರ ನಂಬಿಕೆಯನ್ನೂ ಸೇರಿಸಿಯೇ. ನಮಗೆ ಹೇಗೆ ಪ್ರಾರ್ಥಿಸಬೇಕೋ ತಿಳಿಯದಿದ್ದಾಗ ಪವಿತ್ರಾತ್ಮನು ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ ಎಂದು ರೋಮಾಪುರದವರಿಗೆ ಬರೆದ ಪತ್ರ ಹೇಳುತ್ತದೆ. ಆ ರಾತ್ರಿ ನನಗೆ ಎರಡೂ ಬೇಕಿತ್ತು, ಎರಡೂ ಸಿಕ್ಕಿತು.

ಅಕ್ಕನಿಗೆ ದಿನದ ಕತೆ ಎಲ್ಲಾ ಹೇಳಿದ್ದೆ. ಜಾಸ್ತಿ ಹೇಳಿಕೊಂಡಿದ್ದು ನನ್ನ ದಣಿವಿನ ಬಗ್ಗೆಯೇ. ಆ ಶುಲ್ಕದ ವಿಷಯ ನಡುವೆ ಒಂದು ಮಾತಿನಲ್ಲಿ ಬಂದಿತ್ತು, ಅಷ್ಟೇ. ಅಕ್ಕ ಮೊದಲು ಪ್ರಾರ್ಥಿಸಿದ್ದು ಆ ಹುಡುಗಿಗಾಗಿ, ಆಮೇಲೆ ಅವಳ ತಂದೆಗಾಗಿ, ಕೊನೆಗೆ ನನಗಾಗಿ. ನಾನು "ಆಮೆನ್" ಎಂದೆ. ಅವತ್ತು ರಾತ್ರಿ ಆ ಒಂದು ಮಾತು ಮಾತ್ರ ನನ್ನಿಂದ ಆಯಿತು.