ಬಣ್ಣದ ಮಣ್ಣು, ನೀರಿನ ಕಾಟ

2025 ಮಾರ್ಚ್ 9, ಭಾನುವಾರ

ಪಾಲಿಮರ್ ಕ್ಲೇಯಲ್ಲಿ ಕೈ ಪಳಗಿದ ಸ್ಕಿನ್ನರ್ ಬ್ಲೆಂಡನ್ನು ಪೋರ್ಸಲಿನ್ ಅನ್ನೋ ಬಿಳಿ ಪಿಂಗಾಣಿ ಮಣ್ಣಿನಲ್ಲಿ ತರಬೇಕು ಅಂತ ಇವತ್ತು ಕೂತೆ. ಪಾಲಿಮರ್‌ನಲ್ಲಾದರೆ ಸುಲಭ. ಎರಡು ಬಣ್ಣದ ತ್ರಿಕೋನ ಜೋಡಿಸಿ, ಮಡಚಿ ಮಡಚಿ ಪಾಸ್ತಾ ಮಷೀನಿಗೆ ಕೊಟ್ಟರೆ ಒಂದು ಬಣ್ಣ ಇನ್ನೊಂದಕ್ಕೆ ನಯವಾಗಿ ತಿರುಗುತ್ತದೆ.

ಆದರೆ ಪಾಲಿಮರ್ ಕ್ಲೇ ಮಣ್ಣೇ ಅಲ್ವಲ್ಲ, ಅದು ಮೆತ್ತಗಿನ ಪಿವಿಸಿ. ಎಷ್ಟು ಮಡಚಿದರೂ ಒಣಗದು. ಸೆರಾಮಿಕ್ ಮಣ್ಣಿನಲ್ಲಿ ನೀರಿದೆ. ಮಡಚಿದಷ್ಟೂ ಅದು ಆರುತ್ತದೆ, ಅಂಚು ಬಿರಿಯುತ್ತದೆ, ನಡುವೆ ಗಾಳಿ ಸೇರಿಕೊಳ್ಳುತ್ತದೆ. ಹಾಗಾಗಿ ನಯವಾದ ಬ್ಲೆಂಡಿನ ಆಸೆ ಬಿಟ್ಟು ಮೆಟ್ಟಿಲು ಮೆಟ್ಟಿಲಾಗಿ ಬಣ್ಣ ಇಳಿಸಿದೆ. ಪೂರ್ತಿ ನೀಲಿ, ಮೂರು ಪಾಲು ನೀಲಿಗೆ ಒಂದು ಪಾಲು ಬಿಳಿ, ಸಮಸಮ, ಹೀಗೆ ಬರೀ ಬಿಳಿಯವರೆಗೆ. ಮಣ್ಣಿಗೆ ಬೆರೆಸುವ ಬಣ್ಣದ ಪುಡಿಗೆ ಸ್ಟೇನ್ ಅಂತಾರೆ. ನೀಲಿ ಸ್ಟೇನ್ ಜೋರು, ಕಾಲು ಪಾಲು ಸೇರಿದರೂ ಸಾಕಷ್ಟು ನೀಲಿಯೇ. ಬಿಳಿಯ ಕಡೆಗೆ ಇನ್ನೊಂದೆರಡು ಮೆಟ್ಟಿಲು ಜಾಸ್ತಿ ಬೇಕು. ನನಗೇನೋ ಈ ಗೆರೆಗೆರೆಯ ಇಳಿತವೇ ಹೆಚ್ಚು ಚೆಂದ ಅನ್ನಿಸಿತು.

ಸ್ಟೇನ್ ಲೆಕ್ಕ ಒಣ ಮಣ್ಣಿನ ತೂಕಕ್ಕೆ. ಒಂದು ಕಿಲೋ ಹಸಿ ಮಣ್ಣಿನಲ್ಲಿ ಕಾಲು ಭಾಗ ನೀರು ಅಂದುಕೊಂಡರೆ ಒಣ ತೂಕ 750 ಗ್ರಾಂ. ಅದಕ್ಕೆ ಶೇ. 8 ಅಂದರೆ 60 ಗ್ರಾಂ. ಪುಡಿಯನ್ನು ನೀರಲ್ಲಿ ಕಲಸಿಕೊಂಡೇ ನಾದಬೇಕು, ಕೈಗೆ ಗ್ಲೌಸ್, ಪುಡಿ ಮುಟ್ಟುವಾಗ ಮಾಸ್ಕ್. ಎಲ್ಲ ಬಣ್ಣಕ್ಕೂ ಒಂದೇ ಮಣ್ಣು ಇರಲಿ. ಬೇರೆ ಬೇರೆ ಮಣ್ಣಾದರೆ ಕುಗ್ಗುವ ಅಳತೆ ಬೇರೆಯಾಗಿ ಬೆಸುಗೆಯಲ್ಲೇ ಬಾಯಿ ಬಿಡುತ್ತದೆ.

ಕೇನ್, ಅಂದರೆ ಎಲ್ಲಿ ಕೊಯ್ದರೂ ಹೋಳಿನಲ್ಲಿ ಅದೇ ಚಿತ್ರ ಕಾಣುವ ಉರುಳೆ, ಅದರ ವಿಷಯದಲ್ಲಿ ಪಾಲಿಮರ್ ಬುದ್ಧಿಯನ್ನೇ ಮರೆಯಬೇಕು. ಅಲ್ಲಿ ದಪ್ಪ ಉರುಳೆಯನ್ನು ಹಿಂಡಿ ಎಳೆದು ಚಿತ್ರವನ್ನು ಪುಟ್ಟದಾಗಿಸುತ್ತೇವೆ. ಇಲ್ಲಿ ಎಳೆದರೆ ಪದರ ಬಿಡುತ್ತದೆ. ಜಪಾನಿನ ನೆರಿಕೋಮಿ ಕೆಲಸದ ದಾರಿ ಹಿಡಿದೆ. ಬೇಕಾದ ಅಳತೆಯಲ್ಲೇ ಪದರ ಪೇರಿಸಿ, ನಡುವೆ ಅದೇ ಮಣ್ಣಿನ ಸ್ಲಿಪ್ (ನೀರಲ್ಲಿ ಕಲಸಿದ ತೆಳು ಮಣ್ಣು) ಸವರಿ, ಒತ್ತಿ, ಪ್ಲಾಸ್ಟಿಕ್ ಸುತ್ತಿಟ್ಟಿದ್ದೇನೆ. ತೇವ ಎಲ್ಲ ಕಡೆ ಸಮವಾದ ಮೇಲೆ ತಂತಿಯಲ್ಲಿ ಕೊಯ್ಯುವುದು. ತಂತಿ ಬಣ್ಣವನ್ನು ಸವರಿಬಿಡುತ್ತದೆ, ಅದಕ್ಕೆ ಹೆದರಬೇಕಿಲ್ಲ. ಮಣ್ಣು ಗಟ್ಟಿಯಾದಾಗ ಲೋಹದ ತೆಳು ಪಟ್ಟಿಯಿಂದ ಹೆರೆದರೆ ಗೆರೆ ಚುರುಕಾಗುತ್ತದೆ.

ಬೆಂಕಿಯದ್ದು ಬೇರೆಯೇ ಕಥೆ. ಪಾಲಿಮರ್ 130 ಡಿಗ್ರಿ ಆಸುಪಾಸು ಬೇಯುತ್ತದೆ, ಕಂಡ ಬಣ್ಣವೇ ಹೆಚ್ಚುಕಡಿಮೆ ಉಳಿಯುತ್ತದೆ. ಪೋರ್ಸಲಿನ್‌ಗೆ 1200ಕ್ಕೂ ಮೇಲೆ. ಸ್ಟೇನ್ ಬದಲು ಕೋಬಾಲ್ಟ್ ಕಾರ್ಬೊನೇಟ್ ಹಾಕಿದರೆ ಹಸಿಯಲ್ಲಿ ತಿಳಿ ನೇರಳೆ, ಸುಟ್ಟ ಮೇಲೆ ಕಡು ನೀಲಿ. ಕ್ರೋಮ್-ಟಿನ್ ಗುಲಾಬಿ ಸ್ಟೇನ್ ಇನ್ನೂ ತಕರಾರಿನದು, ಮೇಲೆ ಹಾಕುವ ಗಾಜಿನಂಥ ಲೇಪದಲ್ಲಿ, ಅಂದರೆ ಗ್ಲೇಜಿನಲ್ಲಿ, ಸತು ಇದ್ದರೆ ಅದು ಮಂಕಾಗಿ ಕಂದಾಗುತ್ತದೆ.

ಪ್ರತಿ ಮೆಟ್ಟಿಲಿನ ಮಣ್ಣಿನಿಂದ ಪುಟ್ಟ ಟೈಲ್ ಕತ್ತರಿಸಿ, ಹಿಂದೆ ಪಾಲಿನ ಲೆಕ್ಕ ಗೀರಿಟ್ಟೆ. ಸುಡುವ ಮುನ್ನ ಪ್ರತಿ ಟೈಲಿನ ಅರ್ಧಕ್ಕೆ ಮಾತ್ರ ಪಾರದರ್ಶಕ ಗ್ಲೇಜ್ ಹಾಕುತ್ತೇನೆ.